ಓಲಾಟಕ್ಕೆ ಪ್ಲೇಟು ಮದ್ದಲ್ಲ, ಸ್ಟೆಬಿಲೈಸರ್ ಬಾರ್ ಮಂತ್ರವಲ್ಲ

ಟೊಮೆಟೊ ಸೀಜನ್ ಶುರುವಾಯ್ತು ಅಂದ್ರೆ ನಮ್ಮ ಕಡೆ ಗ್ಯಾರೇಜುಗಳ ಮುಂದೆ ಪಿಕಪ್ ಗಾಡಿಗಳು ಸಾಲಾಗಿ ನಿಲ್ತವೆ. ಎಲ್ಲರ ದೂರು ಒಂದೇ: ಲೋಡ್ ಹಾಕಿದ್ರೆ ತಿರುವಿನಲ್ಲಿ ಹಿಂದೆ ಓಲಾಡ್ತದೆ. ಎಲ್ಲರಿಗೂ ಸಿಗೋ ಮದ್ದೂ ಒಂದೇ: "ಎರಡು ಪ್ಲೇಟು ಜಾಸ್ತಿ ಹಾಕ್ಸಣ್ಣ, ಗಾಡಿ ಕಲ್ಲು ನಿಂತಂಗೆ ನಿಲ್ತದೆ." ಈ ಮಾತು ಅರ್ಧ ಸತ್ಯ. ಪೂರ್ತಿ ಸುಳ್ಳಾಗಿದ್ರೆ ಒಂದೇ ಟ್ರಿಪ್ಪಿನಲ್ಲಿ ಗೊತ್ತಾಗಿಬಿಡ್ತಿತ್ತು. ಅರ್ಧ ಸತ್ಯ ಆಗಿರೋದ್ರಿಂದಲೇ ಇಷ್ಟು ವರ್ಷದಿಂದ ನಡ್ಕೊಂಡು ಬಂದಿದೆ.

ಈಗ ಇನ್ನೊಂದು ಹೊಸ ಮದ್ದು ಬಂದಿದೆ. ಹುಡುಗರು ಮೊಬೈಲಿನಲ್ಲಿ ಹೊರದೇಶದ ಪಿಕಪ್ ವಿಡಿಯೋ ನೋಡ್ಕೊಂಡು, ಹಿಂದಕ್ಕೆ ಸ್ಟೆಬಿಲೈಸರ್ ಬಾರ್ ಹಾಕ್ಸೋಣ, ಆಮೇಲೆ ಎಷ್ಟು ಬಾಕ್ಸ್ ಬೇಕಾದ್ರೂ ಏರಿಸ್ಬಹುದು ಅಂತಾರೆ. ಇದರಲ್ಲೂ ಮೊದಲರ್ಧ ಸರಿ, ಎರಡನೇ ಅರ್ಧ ಜೀವ ತೆಗೆಯೋ ಮಾತು.

ನನ್ನ ಪಿಕಪ್ಪಿಗೆ ಹಿಂದೆ ಬಾರ್ ಹಾಕಿಸಿದೀನಿ. ಅದು ಏನು ಮಾಡ್ತದೆ, ಏನು ಮಾಡಲ್ಲ ಅಂತ ಲೋಡ್ ಹಾಕಿ, ಖಾಲಿ ಓಡಿಸಿ, ಮಳೆಯಲ್ಲಿ ಓಡಿಸಿ ನೋಡಿದೀನಿ. ಅದಕ್ಕೇ ಇಷ್ಟು ಗಟ್ಟಿಯಾಗಿ ಬರೀತಿದೀನಿ. ನನ್ನ ಮಾತು ಇಷ್ಟೇ: ಓಲಾಟಕ್ಕೆ ಪ್ಲೇಟು ತಪ್ಪು ಮದ್ದು, ಬಾರ್ ಸರಿಯಾದ ಮದ್ದು. ಆದ್ರೆ ಎರಡೂ ಹೆಚ್ಚಿನ ಲೋಡಿಗೆ ಮದ್ದಲ್ಲ. ಕಾಯಿಲೆ ಇರೋದು ಗಾಡಿ ಕೆಳಗಲ್ಲ, ಗಾಡಿ ಮೇಲೆ.

ಮೊದಲು ಪ್ಲೇಟಿನ ವಿಚಾರ.

ಕಮಾನ್ ಪ್ಲೇಟಿನ ಕೆಲಸ ಭಾರ ಹೊರೋದು. ಓಲಾಟ ತಡೆಯೋದು ಅದರ ಮುಖ್ಯ ಕೆಲಸ ಅಲ್ಲ. ನಿಮ್ಮ ಗಾಡಿ ಹಿಂದೆ ಬಗ್ಗಿ ನೋಡಿ. ಪ್ಲೇಟಿನ ಸೆಟ್ಟುಗಳು ಚಕ್ರದ ಪಕ್ಕಕ್ಕೆ ಇರಲ್ಲ, ಒಳಗಡೆ ಚಾಸಿ ಕೆಳಗೆ ಇರ್ತವೆ. ಲೆಕ್ಕಕ್ಕೆ ಹೀಗೆ ಹಿಡೀರಿ: ಎರಡು ಚಕ್ರಗಳ ನಡುವೆ 1.4 ಮೀಟರ್, ಎರಡು ಪ್ಲೇಟ್ ಸೆಟ್ಟುಗಳ ನಡುವೆ 1 ಮೀಟರ್. ವಾಲೋದನ್ನ ತಡೆಯೋ ಶಕ್ತಿ ಈ ಅಂತರದ ವರ್ಗದ ಲೆಕ್ಕದಲ್ಲಿ ಹೋಗ್ತದೆ. 1.4ರ ವರ್ಗ 1.96, 1ರ ವರ್ಗ 1. ಅಂದ್ರೆ ಅದೇ ಪ್ಲೇಟು ಚಕ್ರದ ಹತ್ತಿರ ಇದ್ದಿದ್ರೆ ಎಷ್ಟು ತಡೀತಿತ್ತೋ ಅದರ ಅರ್ಧ ಮಾತ್ರ ಈಗ ತಡೀತದೆ. ಕಾಲು ಹತ್ತಿರ ಹತ್ತಿರ ಇರೋ ಸ್ಟೂಲಿನ ಮೇಲೆ ನಿಂತಂಗೆ. ಕಾಲು ಎಷ್ಟು ದಪ್ಪ ಮಾಡಿದ್ರೂ ಅದು ಅಗಲ ಆಗಲ್ಲ.

ಪ್ಲೇಟು ಹಾಕಿದ್ರೆ ಓಲಾಟ ಸ್ವಲ್ಪ ಕಮ್ಮಿ ಆಗ್ತದೆ, ಇಲ್ಲ ಅನ್ನಲ್ಲ. ಅದಕ್ಕೆ ಕೊಡೋ ಬೆಲೆ ನೋಡಿ. ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೆ ನಿಲ್ತದೆ. ಹಳ್ಳ ಬಂದ ಕಡೆ ಟೈರು ನೆಲ ಬಿಟ್ಟು ಕುಣೀತದೆ. ಕುಣಿಯೋ ಟೈರಿಗೆ ಹಿಡಿತ ಇರಲ್ಲ, ಬ್ರೇಕೂ ಹಿಡಿಯಲ್ಲ. ಅರ್ಧ ದಿನ ನಾವು ಓಡಿಸೋದು ಖಾಲಿ ಗಾಡೀನೇ ಅನ್ನೋದು ನೆನಪಿರ್ಲಿ. ಮಂಡಿಯಿಂದ ವಾಪಸ್ ಬರೋವಾಗ ಖಾಲಿ ಬಾಕ್ಸು ಬಿಟ್ರೆ ಹಿಂದೆ ಏನಿರ್ತದೆ?

ಇದಕ್ಕಿಂತ ದೊಡ್ಡ ವಿಚಾರ ಒಂದಿದೆ, ಪ್ಲೇಟು ಹಾಕೋರು ಯಾರೂ ಹೇಳಲ್ಲ. ಬಹಳಷ್ಟು ಸರಕಿನ ಗಾಡಿಗಳಲ್ಲಿ ಚಾಸಿಗೂ ಹಿಂದಿನ ಹೌಸಿಂಗಿಗೂ ನಡುವೆ ಒಂದು ಸಣ್ಣ ರಾಡು, ಅದಕ್ಕೊಂದು ವಾಲ್ವು ಇರ್ತದೆ. ಲೋಡ್ ಬಿದ್ದು ಗಾಡಿ ತಗ್ಗಿದ್ರೆ ಆ ರಾಡು ಅಲ್ಲಾಡಿ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡ್ತದೆ. ಗಾಡಿ ಎತ್ತರ ಇದ್ರೆ ಖಾಲಿ ಇದೆ ಅಂದ್ಕೊಂಡು ಹಿಂದಿನ ಬ್ರೇಕು ಕಮ್ಮಿ ಮಾಡ್ತದೆ. ಎರಡು ಪ್ಲೇಟು ಜಾಸ್ತಿ ಹಾಕ್ಸಿದ್ರೆ ಲೋಡ್ ತುಂಬಿದ ಮೇಲೂ ಗಾಡಿ ತಗ್ಗಲ್ಲ. ವಾಲ್ವು ಏನು ತಿಳ್ಕೊಳ್ತದೆ? ಗಾಡಿ ಖಾಲಿ ಅಂತ. ಎರಡು ಟನ್ ಹೊತ್ಕೊಂಡು ಇಳಿಜಾರಲ್ಲಿ ಹೋಗೋ ಗಾಡಿಗೆ ಖಾಲಿ ಗಾಡಿಯ ಹಿಂದಿನ ಬ್ರೇಕು. ನಿಮ್ಮ ಗಾಡಿಯಲ್ಲಿ ಆ ವಾಲ್ವು ಇದೆಯೋ ಇಲ್ವೋ ಮೊದಲು ನೋಡ್ಕೊಳ್ಳಿ. ಇದ್ರೆ, ಪ್ಲೇಟು ಹಾಕ್ಸಿದ ದಿನವೇ ನಿಮ್ಮ ಬ್ರೇಕಿಗೂ ಕೈ ಹಾಕಿದ್ರಿ ಅಂತ ಲೆಕ್ಕ.

ಇನ್ನೂ ಒಂದು. ಪ್ಲೇಟು ಗಟ್ಟಿ ಆಯ್ತು ಸರಿ, ಹೌಸಿಂಗು ಗಟ್ಟಿ ಆಯ್ತಾ? ಬೇರಿಂಗು? ಟೈರು? ಬ್ರೇಕ್ ಡ್ರಮ್ಮು? ಎಲ್ಲ ಹಳೇವೇ. ಒಂದು ಬೆರಳಿಗೆ ಉಂಗುರ ಹಾಕ್ಸಿದ್ರೆ ಕೈಯೆಲ್ಲ ಚಿನ್ನ ಆಗಲ್ಲ.

ಈಗ ಬಾರ್ ವಿಚಾರ.

ಸ್ಟೆಬಿಲೈಸರ್ ಬಾರ್ ಅಂದ್ರೆ ಇಂಗ್ಲಿಷಿನ ಯು ಅಕ್ಷರದ ಥರ ಬಗ್ಗಿಸಿದ ಸ್ಪ್ರಿಂಗ್ ಉಕ್ಕಿನ ರಾಡು. ಇದನ್ನೇ ಸ್ವೇ ಬಾರ್ ಅಂತಲೂ ಕರೀತಾರೆ. ಬಹಳ ಪಿಕಪ್‌ಗಳಿಗೆ ಮುಂದುಗಡೆ ಕಂಪನಿಯವರೇ ಕೊಟ್ಟಿರ್ತಾರೆ, ಹಿಂದೆ ಇರಲ್ಲ. ಆಮೇಲೆ ಹಾಕ್ಸೋದಾದ್ರೆ ಸಾಮಾನ್ಯವಾಗಿ ರಾಡಿನ ನಡುಭಾಗವನ್ನ ರಬ್ಬರ್ ಬುಷ್ ಇಟ್ಟು ಹೌಸಿಂಗಿಗೆ ಕ್ಲ್ಯಾಂಪ್ ಮಾಡ್ತಾರೆ, ಎರಡು ತುದಿಗಳನ್ನ ಲಿಂಕ್ ರಾಡಿನಿಂದ ಚಾಸಿಗೆ ಸೇರಿಸ್ತಾರೆ.

ಕೆಲಸ ಮಾಡೋ ರೀತಿ ಸುಲಭ. ಎರಡು ಚಕ್ರ ಒಟ್ಟಿಗೆ ಮೇಲೆದ್ರೆ, ಉಬ್ಬು ಹತ್ತಿದಾಗಿನ ಥರ, ಬಾರ್ ಬುಷ್ಷಿನೊಳಗೆ ಸುಮ್ಮನೆ ತಿರುಗ್ತದೆ, ಏನೂ ಮಾಡಲ್ಲ. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲಿದಾಗ ಮಾತ್ರ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಎಳೀತದೆ. ಆಗ ಒದ್ದೆ ಬಟ್ಟೆ ಹಿಂಡಿದಂಗೆ ರಾಡು ತಿರುಚಿಕೊಳ್ತದೆ. ಉಕ್ಕು ತಾನೇ, ತಿರುಚಿದ್ದನ್ನ ಬಿಡಿಸ್ಕೊಳ್ಳೋಕೆ ನೋಡ್ತದೆ. ಆ ಹಟದಿಂದ ಗಾಡಿ ನೇರ ನಿಲ್ತದೆ. ಪ್ಲೇಟಿಗೂ ಬಾರಿಗೂ ವ್ಯತ್ಯಾಸ ಇಷ್ಟೇ: ಪ್ಲೇಟು ಯಾವಾಗ್ಲೂ ಬಿಗಿ, ಬಾರ್ ವಾಲಿದಾಗ ಮಾತ್ರ ಬಿಗಿ.

ಹಾಕ್ಸಿದ ಮೇಲೆ ನನಗೆ ಕಂಡಿದ್ದು ಹೇಳ್ತೀನಿ. ಕೆರೆ ಕಟ್ಟೆ ಮೇಲಿನ ರಸ್ತೆ ನಿಮಗೆ ಗೊತ್ತು, ಕಟ್ಟೆ ಮುಗಿಯೋ ಕಡೆ ಎಡಕ್ಕೊಂದು ಬಲಕ್ಕೊಂದು ತಿರುವು ಬಂದೇ ಬರ್ತದೆ. ಮೊದಲ ತಿರುವಿಗೆ ಒಂದು ಕಡೆ ವಾಲಿದ ಗಾಡಿ, ಎರಡನೇ ತಿರುವಿಗೆ ಇನ್ನೊಂದು ಕಡೆ ಬೀಸಿ ಬಡೀತಿತ್ತು. ಆ ಬೀಸಾಟ ಈಗ ಬಹಳ ಕಮ್ಮಿ. ಪಕ್ಕದಲ್ಲಿ ಬಸ್ಸು ಹಾದಾಗ ಗಾಳಿಗೆ ಅಲ್ಲಾಡೋದೂ ಕಮ್ಮಿ. ಸ್ಟೇರಿಂಗ್ ತಿದ್ದೋ ಕೆಲಸ ಕಮ್ಮಿ ಆಗಿದೆ. ಲೋಡ್ ಹಾಕಿದಾಗ ಗಾಡಿ ತಗ್ಗೋದು ಮಾತ್ರ ಮುಂಚಿನಷ್ಟೇ. ಅದು ಹಂಗೇ ಇರಬೇಕು, ಯಾಕಂದ್ರೆ ಬಾರ್ ಒಂದು ಕೆ.ಜಿ. ಭಾರವನ್ನೂ ಹೊರಲ್ಲ.

ಈ ಕೊನೇ ಮಾತನ್ನ ಇನ್ನೊಂದು ಸಲ ಓದ್ಕೊಳ್ಳಿ. ಬಾರ್ ಹಾಕ್ಸಿದ್ರೆ ನಿಮ್ಮ ಗಾಡಿಯ ಲೋಡ್ ಒಂದು ಬಾಕ್ಸ್ ಕೂಡ ಜಾಸ್ತಿ ಆಗಲ್ಲ.

ಲೆಕ್ಕ ಹಾಕೋಣ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗೋದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ಖಾಲಿ ಪ್ಲಾಸ್ಟಿಕ್ ಬಾಕ್ಸ್ ತೂಕ ಒಂದೂವರೆಯಿಂದ ಎರಡು ಕೆ.ಜಿ. ಹಿಡೀರಿ. ಅಂದ್ರೆ ತುಂಬಿದ ಬಾಕ್ಸ್ ಹತ್ತಿರತ್ತಿರ 17 ಕೆ.ಜಿ. 1.7 ಟನ್ ಪಿಕಪ್ಪಿಗೆ 100 ಬಾಕ್ಸ್ ಹಾಕಿದ್ರೆ 1,700 ಕೆ.ಜಿ., ಲೆಕ್ಕ ಅಲ್ಲಿಗೆ ಮುಗೀತು. ಆದ್ರೆ ನಾವು ಹಾಕ್ತಿರೋದೆಷ್ಟು? 140, 150. 150 ಅಂದ್ರೆ 2,550 ಕೆ.ಜಿ. ನಿಮ್ಮ ಗಾಡಿ ಎಷ್ಟು ಹೊರಬಹುದು ಅಂತ ಯಾರನ್ನೂ ಕೇಳೋದು ಬೇಡ. ಆರ್‌ಸಿಯಲ್ಲಿ ಲೋಡ್ ಸಮೇತದ ಒಟ್ಟು ತೂಕ ಇರ್ತದೆ, ಖಾಲಿ ತೂಕ ಇರ್ತದೆ. ಒಂದರಲ್ಲಿ ಒಂದನ್ನ ಕಳೀರಿ. ಡ್ರೈವರ್ ತೂಕವೂ ಅದರೊಳಗೇ ಬರ್ತದೆ ಅನ್ನೋದು ಮರೀಬೇಡಿ.

ತೂಕದಷ್ಟೇ ಕೆಟ್ಟದ್ದು ಎತ್ತರ. ಕೆಳಗೊಂದು ಅಂತಸ್ತಿಗೆ 20 ಬಾಕ್ಸ್ ಹಿಡಿದ್ರೆ 100 ಬಾಕ್ಸಿಗೆ 5 ಅಂತಸ್ತು. 150 ಆದ್ರೆ ಏಳೂವರೆ ಅಂತಸ್ತು. ಒಂದು ಬಾಕ್ಸ್ ಸುಮಾರು ಒಂದು ಅಡಿ ಎತ್ತರ. ಅಂದ್ರೆ ಲೋಡಿನ ನಡುಮಟ್ಟವೇ ಒಂದು ಅಡಿಗಿಂತ ಜಾಸ್ತಿ ಮೇಲೆ ಹೋಯ್ತು. ಗಾಡಿ ಪಲ್ಟಿ ಆಗೋದು ಬಿಡೋದು ತೀರ್ಮಾನ ಮಾಡೋದು ಎರಡೇ: ಚಕ್ರ ಎಷ್ಟು ಅಗಲಕ್ಕಿವೆ, ಭಾರ ಎಷ್ಟು ಎತ್ತರಕ್ಕಿದೆ. ಅಗಲ ಕಂಪನಿ ಕೊಟ್ಟಿದ್ದು, ಬದಲಾಗಲ್ಲ. ಎತ್ತರ ನಮ್ಮ ಕೈಲಿದೆ. ಬಾರ್ ಈ ಎರಡರಲ್ಲಿ ಒಂದನ್ನೂ ಬದಲಿಸಲ್ಲ. ವಾಲೋದನ್ನ ಕಮ್ಮಿ ಮಾಡಿ ಸ್ವಲ್ಪ ಸಹಾಯ ಮಾಡ್ತದೆ, ಅಷ್ಟೇ.

ಇಲ್ಲೊಂದು ಮೋಸ ಅಡಗಿದೆ. ಓಲಾಡೋ ಗಾಡಿ ಡ್ರೈವರಿಗೆ ಹೇಳ್ತದೆ: ನಿಧಾನ ಮಾಡಪ್ಪಾ ಅಂತ. ಸೊಂಟಕ್ಕೆ ಗೊತ್ತಾಗ್ತದೆ, ಕಾಲು ತಾನಾಗೇ ಬ್ರೇಕ್ ಮೇಲೆ ಹೋಗ್ತದೆ. ಬಾರ್ ಹಾಕಿದ ಗಾಡಿ ಆ ಮಾತು ಹೇಳಲ್ಲ. ನೆಟ್ಟಗೆ ಹೋಗ್ತಿದೆ ಅಂತ 40ರಲ್ಲಿ ತಗೊಳ್ತಿದ್ದ ತಿರುವನ್ನ 60ರಲ್ಲಿ ತಗೊಳ್ತಾರೆ. ವೇಗ ಒಂದೂವರೆ ಪಟ್ಟು ಆದ್ರೆ ಹೊರಗೆ ತಳ್ಳೋ ಬಲ ಎರಡೂಕಾಲು ಪಟ್ಟು ಆಗ್ತದೆ. ಒಳಗಿನ ಚಕ್ರ ನೆಲ ಬಿಡೋವರೆಗೂ ಗೊತ್ತೇ ಆಗಲ್ಲ, ಗೊತ್ತಾದಾಗ ಟೈಮ್ ಇರಲ್ಲ. ಬಾರ್ ಹಾಕ್ಸಿದ ಲಾಭವನ್ನ ಸ್ಪೀಡಿಗೆ ಖರ್ಚು ಮಾಡಿದೋನು ಬಾರ್ ಇಲ್ಲದೋನಿಗಿಂತ ಅಪಾಯದಲ್ಲಿರ್ತಾನೆ.

ದಪ್ಪ ಬಾರೇ ಬೇಕು ಅನ್ನೋರಿಗೂ ಒಂದು ಮಾತು. ರಾಡಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರ್ತದೆ. 20 ಎಂಎಂ ರಾಡಿಗಿಂತ 22 ಎಂಎಂ ರಾಡು ನೂರಕ್ಕೆ 46ರಷ್ಟು ಜಾಸ್ತಿ ಬಿಗಿ. 25 ಎಂಎಂ ಆದ್ರೆ ಹತ್ತಿರತ್ತಿರ ಎರಡೂವರೆ ಪಟ್ಟು. ನೋಡೋಕೆ ಬೆರಳಿನಷ್ಟೂ ವ್ಯತ್ಯಾಸ ಕಾಣಲ್ಲ, ರಸ್ತೆ ಮೇಲೆ ಬೇರೆ ಗಾಡಿನೇ ಆಗ್ತದೆ. ಹಿಂದುಗಡೆ ಅತಿ ಬಿಗಿ ಆದ್ರೆ ತಿರುವಿನಲ್ಲಿ ಭಾರವೆಲ್ಲ ಹಿಂದಿನ ಹೊರಗಿನ ಟೈರಿನ ಮೇಲೆ ಬೀಳ್ತದೆ. ಖಾಲಿ ಗಾಡಿ, ಮೊದಲ ಮಳೆ, ಎಣ್ಣೆ ಜಿಡ್ಡಿನ ರಸ್ತೆ ಇದ್ರೆ ಹಿಂಭಾಗ ಜಾರಿ ಮುಂದಕ್ಕೆ ಬರೋಕೆ ನೋಡ್ತದೆ. ಹೊಲದ ದಾರಿಯಲ್ಲೂ ತೊಂದರೆ. ಒಂದು ಚಕ್ರ ಹಳ್ಳಕ್ಕೆ ಇಳೀಬೇಕಾದಾಗ ಬಾರ್ ಅದನ್ನ ಮೇಲೆ ಎಳ್ಕೊಂಡಿರ್ತದೆ, ಆ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗ್ತದೆ, ಗಾಡಿ ಕೆಸರಲ್ಲಿ ನಿಲ್ತದೆ. ನಮ್ಮ ಗಾಡಿ ಹೈವೇಯಲ್ಲಿ ಮಾತ್ರ ಓಡಲ್ಲ, ಬದು ದಾಟಿ ತೋಟದೊಳಗೂ ಬರಬೇಕು. ಆದ್ದರಿಂದ ನಮ್ಮಂಥೋರಿಗೆ ಹದವಾದ ಬಾರ್ ಸಾಕು.

ಹಾಕ್ಸೋದಾದ್ರೆ ನಿಮ್ಮ ಗಾಡಿಯ ಮಾಡೆಲ್ಲಿಗೇ ಅಂತ ಮಾಡಿರೋ ಕಿಟ್ ಹಾಕ್ಸಿ. ನಮ್ಮ ಊರಿನ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗೋ ಸಾಮಾನಲ್ಲ ಇದು. ಸಿಗಲ್ಲ ಅಂತ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ರಾಡು ಕಾಯಿಸಿ ಬಗ್ಗಿಸಿ ಹಾಕ್ಸೋರಿದ್ದಾರೆ. ದಯವಿಟ್ಟು ಮಾಡ್ಬೇಡಿ. ಸಾದಾ ಕಬ್ಬಿಣ ತಿರುಚಿದ್ರೆ ತಿರುಚಿಕೊಂಡೇ ಉಳೀತದೆ, ಇಲ್ಲಾ ಮುರೀತದೆ. ಸ್ಪ್ರಿಂಗ್ ಉಕ್ಕಿಗೆ ಕಾಯಿಸಿ ಹದ ಕೊಡೋದು ಬೇರೆ ವಿದ್ಯೆ. ಹೌಸಿಂಗಿಗೆ ವೆಲ್ಡಿಂಗ್ ತಾಗಿಸೋದಂತೂ ಬೇಡವೇ ಬೇಡ. ಕಾದ ಜಾಗ ಸೊಟ್ಟಗಾಗ್ತದೆ, ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡ್ತದೆ. ಕ್ಲ್ಯಾಂಪು, ಬೋಲ್ಟು ಮಾತ್ರ. ಬ್ರೇಕ್ ಪೈಪು, ಹ್ಯಾಂಡ್ ಬ್ರೇಕ್ ಕೇಬಲ್ಲು, ಜಾಯಿಂಟ್ ಶಾಫ್ಟು ಯಾವುದಕ್ಕೂ ಬಾರ್ ತಾಗಬಾರದು. ಜಾಕ್ ಹಾಕಿ ಚಕ್ರ ಇಳಿಬಿಟ್ಟಾಗ ಒಂದ್ಸಲ, ಪೂರ್ತಿ ಲೋಡ್ ಹಾಕಿದಾಗ ಒಂದ್ಸಲ ಬಗ್ಗಿ ನೋಡಿ. ಮೊದಲ ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟು ಮತ್ತೆ ಟೈಟ್ ಮಾಡ್ಸಿ. ವಾರಂಟಿ ಇರೋ ಗಾಡಿಯಾದ್ರೆ ಹಾಕ್ಸೋ ಮುಂಚೆ ಕಂಪನಿ ಸರ್ವಿಸ್‌ನವರನ್ನ ಕೇಳಿ.

ಆದ್ರೆ ಬಾರಿಗೆ ದುಡ್ಡು ಬಿಚ್ಚೋ ಮುಂಚೆ ಮಾಡ್ಬೇಕಾದ್ದು ಬಹಳ ಇದೆ. ಓಲಾಡೋ ಗಾಡಿಗಳಲ್ಲಿ ಎಷ್ಟೋ ಗಾಡಿಗೆ ಬೇಕಿರೋದು ಬಾರ್ ಅಲ್ಲ, ರಿಪೇರಿ. ಟೈರಿನ ಗಾಳಿ ನೋಡಿ, ಡೋರ್ ಹತ್ರದ ಸ್ಟಿಕ್ಕರಿನಲ್ಲಿ ಇಲ್ಲಾ ಪುಸ್ತಕದಲ್ಲಿ ಲೋಡಿಗೆ ಎಷ್ಟು, ಖಾಲಿಗೆ ಎಷ್ಟು ಅಂತ ಬರೆದಿರ್ತದೆ. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರ್ತಿದ್ಯಾ ನೋಡಿ. ಶ್ಯಾಕಲ್ ಬುಷ್ ಸವೆದಿದ್ಯಾ, ಯು ಬೋಲ್ಟ್ ಸಡಿಲ ಇದೆಯಾ, ಯಾವುದಾದ್ರೂ ಪ್ಲೇಟು ಮುರಿದಿದ್ಯಾ ನೋಡಿ. ಒಂದು ಕಡೆ ಪ್ಲೇಟು ಮುರಿದ ಗಾಡಿಗೆ ಬಾರ್ ಹಾಕೋದು ಕಾಲು ಮುರಿದೋನಿಗೆ ಹೊಸ ಚಪ್ಪಲಿ ಕೊಡಿಸಿದಂಗೆ.

ಲೋಡ್ ಜೋಡಿಸೋದನ್ನೂ ಸರಿ ಮಾಡಿ. ಭಾರ ಕೆಳಗೆ, ಹಗುರ ಮೇಲೆ. ಹಗ್ಗ ಬಿಗಿಯಾಗಿರ್ಲಿ, ಮೂರ್ನಾಲ್ಕು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಂದ್ಸಲ ಎಳೀರಿ. ಔಷಧಿ ಹೊಡೆಯೋಕೆ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ನೀರು ಸಾಗಿಸೋರು, 1,000 ಲೀಟರ್ ಅಂದ್ರೆ ಒಂದು ಟನ್ ಅನ್ನೋದು ನೆನಪಿಡಿ. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದಾಗಿ ತೂಗಾಡ್ತದೆ. ತಿರುವಿಗೆ ನೀರು ಒಂದು ಕಡೆ ನುಗ್ಗೋದನ್ನ ಯಾವ ಬಾರೂ ತಡೆಯಲ್ಲ.

ಈಗ ಕಹಿ ಮಾತು. ಪ್ಲೇಟು ಹಾಕೋ ಮೇಸ್ತ್ರಿಯನ್ನ, ಡ್ರೈವರನ್ನ ಬೈದು ಸುಮ್ಮನಾದ್ರೆ ಪ್ರಯೋಜನ ಇಲ್ಲ. ಗಾಡಿ ಮೇಲೆ ಏಳು ಅಂತಸ್ತು ಏರಿಸೋ ಹಂಗೆ ಮಾಡಿರೋದು ರೈತರು ಬಾಡಿಗೆ ಕೊಡೋ ರೀತಿ. ಬಾಕ್ಸ್‌ಗೆ ಇಷ್ಟು ಅಂತ ಬಾಡಿಗೆ ಮಾತಾಡ್ತೀವಿ. ಬಾಕ್ಸ್ ಹೆಚ್ಚಿದಷ್ಟೂ ಡ್ರೈವರಿಗೆ ದುಡ್ಡು, ನಮಗೆ ಎರಡನೇ ಗಾಡಿ ಹುಡುಕೋ ಗೋಳು ತಪ್ಪಿತು. ಇಬ್ಬರಿಗೂ ಲಾಭ ಇರೋ ತಪ್ಪನ್ನ ಯಾರು ನಿಲ್ಲಿಸ್ತಾರೆ? ನಿಲ್ಲಿಸೋ ಶಕ್ತಿ ಇರೋದು ಬಾಡಿಗೆ ಕೊಡೋನಿಗೆ. ಗಾಡಿಗೆ ಇಷ್ಟು, 100 ಬಾಕ್ಸ್ ಮೇಲೆ ಒಂದೂ ಇಲ್ಲ ಅಂತ ಮಾತಾಡಿ. ನಿಮ್ಮ 50 ಬಾಕ್ಸ್ ಉಳೀತಾ, ಪಕ್ಕದ ತೋಟದೋರ 50 ಸೇರಿಸಿ ಇನ್ನೊಂದು ಗಾಡಿ ಮಾಡಿ, ಬಾಡಿಗೆ ಹಂಚ್ಕೊಳ್ಳಿ. ಹಾಲಿನ ಡೇರಿಗೆ ಒಟ್ಟಿಗೆ ಸಾಲು ನಿಲ್ಲೋಕೆ ಬರ್ತದೆ, ಇದು ಬರಲ್ವಾ?

ಎರಡನೇ ಗಾಡಿಯ ಡೀಸೆಲ್ ಯಾರು ಕೊಡ್ತಾರೆ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಉತ್ತರವೂ ದುಡ್ಡಿನಲ್ಲೇ ಇದೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000, ಹೆಚ್ಚಿನ ಮಾಲು ಇಳಿಸೋ ಖರ್ಚೂ ನಮ್ಮದೇ. ಒಂದು ಸಲ ಸಿಕ್ಕಿಬಿದ್ರೆ ಎಷ್ಟು ಟ್ರಿಪ್ಪಿನ ಡೀಸೆಲ್ ಹೋಯ್ತು ಅಂತ ನೀವೇ ಲೆಕ್ಕ ಹಾಕಿ. ಸಿಕ್ಕಿಬೀಳದೇ ಇದ್ರೂ ಟೈರು, ಬೇರಿಂಗು, ಬ್ರೇಕ್ ಲೈನರ್ ತಮ್ಮ ದಂಡ ತಾವೇ ವಸೂಲಿ ಮಾಡ್ತವೆ. ಗಾಡಿ ಮಗುಚಿದ್ರೆ ಆ ದಿನದ 150 ಬಾಕ್ಸೂ ರಸ್ತೆ ಮೇಲೆ.

ಟೊಮೆಟೊ ಹೋದ್ರೆ ಮುಂದಿನ ಕೊಯ್ಲು ಇದೆ. ಎಲ್ಲಕ್ಕಿಂತ ದೊಡ್ಡ ಮಾತು ಅದಲ್ಲ. ಅದೇ ಪಿಕಪ್ಪಿನಲ್ಲಿ ಬೆಳಿಗ್ಗೆ ಕೂಲಿ ಹೆಣ್ಮಕ್ಕಳನ್ನ ಹತ್ತಿಸ್ಕೊಂಡು ಬರ್ತೀವಲ್ಲ, ಅದು. ಬಾಕ್ಸನ್ನ ಹಗ್ಗ ಹಾಕಿ ಕಟ್ತೀವಿ, ಅದು ಜರುಗಲ್ಲ. ನಿಂತ 20 ಜನರನ್ನ ಯಾವ ಹಗ್ಗ ಕಟ್ತದೆ? ತಿರುವಿಗೆ 20 ಜನವೂ ಒಂದೇ ಕಡೆ ವಾಲ್ತಾರೆ. ಗಾಡಿ ಯಾವ ಕಡೆ ಬೀಳ್ಬೇಕು ಅಂತಿದ್ಯೋ ಅದೇ ಕಡೆ ಒಂದು ಟನ್ ಭಾರ ಹೋಗಿ ಬೀಳ್ತದೆ. ಇದಕ್ಕೆ ಪ್ಲೇಟೂ ಇಲ್ಲ, ಬಾರೂ ಇಲ್ಲ. ಸರಕು ಗಾಡಿಯ ಇನ್ಶೂರೆನ್ಸಿನಲ್ಲಿ ಕಾನೂನು ಜಾಗ ಕೊಟ್ಟಿರೋದು ಸರಕಿನ ಮಾಲೀಕನಿಗೆ, ಇಲ್ಲಾ ಅವನ ಪ್ರತಿನಿಧಿಗೆ. ಹಿಂದೆ ಹತ್ತಿಸ್ಕೊಂಡು ಬಂದ ಕೂಲಿ ಜನಕ್ಕಲ್ಲ. ಏನಾದ್ರೂ ಆದ್ರೆ ಆ ಮನೆಗಳಿಗೆ ಏನಂತ ಹೇಳ್ತೀರಿ? ಹೊಸ ಬಾರ್ ಹಾಕ್ಸಿದ್ದೆ ಅಂತಲಾ? ಆಟೋ ಮಾಡಿ, ಟೆಂಪೊ ಟ್ರಾವೆಲರ್ ಮಾಡಿ, ನಾಲ್ಕು ತೋಟದೋರು ಸೇರಿ ಬಾಡಿಗೆ ಹಂಚ್ಕೊಳ್ಳಿ. ಸೀಟಿರೋ ಗಾಡಿಯಲ್ಲಿ ಜನ, ಬಾಡಿ ಇರೋ ಗಾಡಿಯಲ್ಲಿ ಮಾಲು.

ತಾತನ ಕಾಲದಿಂದ ಲಾರಿಗೆ ಪ್ಲೇಟು ಹಾಕ್ಕೊಂಡೇ ಬಂದಿದ್ದಾರೆ, ಏನಾಯ್ತು ಅನ್ನೋರು ಕಾಮೆಂಟಿಗೆ ಬರ್ತೀರಿ, ಗೊತ್ತು. ತಾತನ ಕಾಲದಲ್ಲಿ ಈ ವೇಗ ಇರ್ಲಿಲ್ಲ, ಈ ಹೈವೇ ಇರ್ಲಿಲ್ಲ, ಏಳು ಅಂತಸ್ತಿನ ಪ್ಲಾಸ್ಟಿಕ್ ಬಾಕ್ಸೂ ಇರ್ಲಿಲ್ಲ.

ಈ ಸೀಜನ್ನಿಗೆ ಮಾಡ್ಬೇಕಾದ್ದು ಸಾಲಾಗಿ ಹೇಳಿ ಮುಗಿಸ್ತೀನಿ. ಮೊದಲು ಲೋಡ್ ಇಳಿಸಿ. ಆಮೇಲೆ ಎತ್ತರ ಇಳಿಸಿ. ಆಮೇಲೆ ಗಾಳಿ, ಶಾಕು, ಬುಷ್ಷು, ಬೋಲ್ಟು ಸರಿ ಮಾಡ್ಸಿ. ಹಾಕ್ಸಿರೋ ಎಕ್ಸ್‌ಟ್ರಾ ಪ್ಲೇಟು ಬಿಚ್ಚಿಸಿ, ಕಂಪನಿ ಕೊಟ್ಟಷ್ಟಕ್ಕೆ ತನ್ನಿ. ಇಷ್ಟಾದ ಮೇಲೂ ಓಲಾಟ ಉಳಿದಿದ್ರೆ ಹದವಾದ ಬಾರ್ ಹಾಕ್ಸಿ, ಮುಂಚಿನ ಸ್ಪೀಡಿನಲ್ಲೇ ಓಡಿಸಿ. ಈ ಸಾಲನ್ನ ಹಿಂದುಮುಂದು ಮಾಡ್ಬೇಡಿ. ನಾಳೆ ಗಾಡಿ ಬಾಡಿಗೆ ಮಾತಾಡೋವಾಗ ಬಾಕ್ಸಿಗೆಷ್ಟು ಅಂತ ಕೇಳೋ ಬದಲು ಗಾಡಿಗೆಷ್ಟು ಅಂತ ಕೇಳಿ, ಅಲ್ಲಿಂದ ಶುರು ಮಾಡೋಣ.